ಬಾರದು, ಬಹುದು

ಮಾರ್ಚ್ ೧೨, ಬುಧವಾರ

ನನ್ನ ಪ್ರೀತಿಯ ಸೊಸೆಗೆ,

ನಿನ್ನ ಮಾವನ ಆಶೀರ್ವಾದ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈಯಬೇಡ. ತಪ್ಪು ಅರ್ಧ ನನ್ನದಾದರೆ ಅರ್ಧ ನಿನ್ನದು. ಆಸ್ಪತ್ರೆಯ ನಲವತ್ತೊಂದು ವಿಡಿಯೋಗಳನ್ನು ಈ ಮುದುಕನ ತಲೆಗೆ ಕಟ್ಟಿ ಬಸ್ಸು ಹತ್ತಿದವಳು ನೀನೇ ತಾನೆ? ನಿನ್ನೆ ಮಧ್ಯಾಹ್ನ ಕೊನೆಯದರ ಸಬ್‌ಟೈಟಲ್ ತಿದ್ದಿ ಕಳಿಸಿದೆ. ಇವತ್ತು ಕೈ ಖಾಲಿ, ಮನಸ್ಸು ತುಂಬಿದೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಫೋನಿನಲ್ಲಿ ಎರಡು ಸಾಲು ಕುಟ್ಟಿ ಕಳಿಸುವ ವಿಷಯವಲ್ಲ ಇದು.

ನಮ್ಮಕ್ಕ ಚೆನ್ನಾಗಿದ್ದಾಳೆ. ಚೆನ್ನಾಗಿರುವುದು ಹೆಚ್ಚೇ ಆಗಿದೆ ಅನ್ನು. ಕೆಲಸವನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು: ಕಿವಿ ಅವಳದು, ಕಾಗುಣಿತ ನನ್ನದು. ವಿಡಿಯೋದ ಮಾತು ಕೇಳಿ ಯಂತ್ರ ತಾನೇ ಬರೆದ ಸಾಲುಗಳನ್ನು ನಾನು ಓದುವುದು, ಎಲ್ಲಿ ಅರ್ಥ ಕೆಟ್ಟಿದೆಯೋ ಅಲ್ಲಿ ಗೀಟು ಹಾಕುವುದು. ಅವಳು ಹೆಡ್‌ಫೋನ್ ಹಾಕಿಕೊಂಡು ಅಷ್ಟನ್ನೇ ಕೇಳಿ, ನನ್ನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳುವುದು. ಕಿವಿ ಹೋದಾಗಿನಿಂದ ಅವಳ ತುಟಿ ಓದಿ ಮೂವತ್ತು ವರ್ಷದ ಅಭ್ಯಾಸ ನನಗೆ. ಆದರೂ ಅವಳಿಗೆ ಕಿರುಚದೆ ತೃಪ್ತಿಯಿಲ್ಲ. "ನಿಮ್ಮಕ್ಕನ ದನಿ ಬೀದಿಗೆಲ್ಲ ಕೇಳುತ್ತೆ, ನಿಮಗೊಬ್ಬರಿಗೆ ಬಿಟ್ಟು" ಎಂದು ಪಕ್ಕದ ಮನೆಯ ಟೈಲರ್ ಚೀಟಿ ಬರೆದು ತೋರಿಸಿದ.

ಒಂದು ಕಡೆ ಯಂತ್ರ "ರಕ್ತದೊತ್ತಡ ಇರುವವರು ಅಪ್ಪನನ್ನು ಕಡಿಮೆ ಮಾಡಿ" ಎಂದು ಬರೆದಿತ್ತು. ಡಾಕ್ಟರು ಹೇಳಿದ್ದು ಉಪ್ಪನ್ನು. ಅಕ್ಕ ನಕ್ಕು ನಕ್ಕು ಹೆಡ್‌ಫೋನ್ ಕಿತ್ತು ಹಾಕಿದಳು. "ನಿನ್ನ ಮಗನಿಗೆ ಇದನ್ನ ತೋರಿಸ್ಬೇಡ ಕಣೋ, ಪಾಲಿಸಿಬಿಟ್ಟಾನು" ಅಂದಳು.

ನಗುವ ವಿಷಯ ಆಯಿತು. ಈಗ, ನಿನಗೂ ನಿನ್ನ ಗಂಡನಿಗೂ ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಆಸ್ಪತ್ರೆಯವರೇ ಸಬ್‌ಟೈಟಲ್ ಸರಿಮಾಡಿಸಬೇಕೆಂದು ಕೇಳಿದರು ಎಂದಷ್ಟೇ ನಿನಗೆ ಹೇಳಿದ್ದೆ. ಅವರು ಯಾಕೆ ಕೇಳಿದರು ಎಂಬುದನ್ನು ಹೇಳಿರಲಿಲ್ಲ. ಅಕ್ಕನ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದೆ.

ಜನವರಿಯಲ್ಲಿ ನನಗೆ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಕೊಟ್ಟರು. ಡಾಕ್ಟರು ಮುಖಕ್ಕೆ ಮಾಸ್ಕ್ ಹಾಕಿದ್ದರು, ತುಟಿ ಕಾಣಲಿಲ್ಲ. ಚೀಟಿಯ ಮೂಲೆಯಲ್ಲಿ "ವಿವರ ನಮ್ಮ ವೆಬ್‌ಸೈಟಿನ ವಿಡಿಯೋದಲ್ಲಿದೆ" ಎಂದು ಮುದ್ರೆ ಒತ್ತಿದ್ದರು. ಮನೆಗೆ ಬಂದು ನೋಡಿದೆ. ಕೆಳಗೆ ಸಾಲು ಬಂತು: "ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತಗೋಬಹುದು." ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ಹಿಡಿದವನು ನಾನು; ಬಿಟ್ಟುಹೋದ ಒತ್ತು ಕಂಡುಹಿಡಿಯುವುದರಲ್ಲಿ ನಿಸ್ಸೀಮ ಎಂದು "ಒತ್ತಕ್ಷರ" ಎಂದೇ ಕರೆಯುತ್ತಿದ್ದರು. ಆದರೆ ಆ ಸಾಲಿನಲ್ಲಿ ಕಾಗುಣಿತ ಸರಿಯಾಗಿತ್ತು, ವ್ಯಾಕರಣ ಸರಿಯಾಗಿತ್ತು. ನಂಬಿದೆ.

ಮೂರನೇ ದಿನ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಯನ್ನು ಆಮೇಲೆ ತಿಂದರಾಯಿತೆಂದು ಕಾಗದ ತರಲು ಸ್ಟೇಷನರಿ ಅಂಗಡಿಗೆ ಹೋದೆ. ಸಾಲಿನಲ್ಲಿ ನಿಂತಿದ್ದಾಗ ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ಎರಡಾಯಿತು. ಆಮೇಲೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಅಂಗಡಿಯ ಬೆಂಚಿನ ಮೇಲಿದ್ದೆ. ಅಂಗಡಿಯಾಕೆ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಸಕ್ಕರೆ ನೀರು ಬಿಡುತ್ತಿದ್ದಳು. ಸುತ್ತ ಹತ್ತಾರು ಬಾಯಿಗಳು ಅಲುಗುತ್ತಿದ್ದವು. ಒಂದೂ ತಿಳಿಯಲಿಲ್ಲ.

ಮಾರನೆಯ ದಿನ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಈ ಸಲ ಡಾಕ್ಟರು ಮಾಸ್ಕ್ ಇಳಿಸಿದರು.

"ಖಾಲಿ ಹೊಟ್ಟೇಲಿ ತಗೋಬಹುದು ಅಂತ ನಿಮಗ್ಯಾರು ಹೇಳಿದ್ದು?"

"ನೀವೇ."

"ನಾನಾ?"

ಫೋನ್ ತೆಗೆದು ಅವರದೇ ವಿಡಿಯೋ ಅವರ ಮುಂದೆ ಹಿಡಿದೆ. "ಶಬ್ದ ಪೂರ್ತಿ ತೆಗೆದು ನೋಡಿ ಸ್ವಾಮಿ. ನಾನು ನೋಡೋದು ಹಾಗೇನೇ" ಅಂದೆ. ನೋಡಿದರು. ಅವರ ಮುಖ ಸುಣ್ಣವಾಯಿತು. ಅವರು ಹೇಳಿದ್ದು "ತಗೋಬಾರದು" ಎಂದು. ಯಂತ್ರಕ್ಕೆ ಅದು "ತಗೋಬಹುದು" ಎಂದು ಕೇಳಿಸಿತ್ತು. ಒಂದೂವರೆ ವರ್ಷ ಹಾಗೇ ಇತ್ತಂತೆ, ಯಾರೂ ಓದಿ ನೋಡಿರಲಿಲ್ಲ.

ಅವರು ಜಗಳವಾಡಲಿಲ್ಲ, ನೆಪ ಹೇಳಲಿಲ್ಲ. ಚೀಟಿ ಎಳೆದುಕೊಂಡು "ಕ್ಶಮಿಸಿ" ಎಂದು ಬರೆದು ನನ್ನ ಕಡೆ ತಳ್ಳಿದರು. ಹಾಳು ಅಭ್ಯಾಸ ನೋಡು, ಪೆನ್ನು ತೆಗೆದು "ಶ"ಕ್ಕೆ ಗೀಟು ಹಾಕಿ "ಕ್ಷಮಿಸಿ" ಎಂದು ತಿದ್ದಿ ವಾಪಸು ಕೊಟ್ಟೆ! ಅಕ್ಕ ನನ್ನ ಕಾಲು ತುಳಿದಳು. ಡಾಕ್ಟರು ಅದರ ಕೆಳಗೇ ಬರೆದರು: "ಉಳಿದ ನಲವತ್ತನ್ನೂ ಹೀಗೇ ತಿದ್ದಿಕೊಡ್ತೀರಾ?"

ನನಗೆ ಪದ ತಿದ್ದಲು ಬರುತ್ತದೆ, ಕಂಪ್ಯೂಟರು ಬರುವುದಿಲ್ಲ. "ನಮ್ಮ ಸೊಸೆಯ ಕೆಲಸವೇ ಅದು, ಅವಳನ್ನು ಕರೆಸುತ್ತೇನೆ" ಎಂದೆ. ಹಾಗೆನ್ನುವಾಗ ನನಗೆ ಎಷ್ಟು ಜಂಬವಾಗಿತ್ತು ಗೊತ್ತೆ?

ನೀನು ರಜೆ ಹಾಕಿ ಬಂದೆ. ಮೂರು ವಾರ ಈ ಮೇಜಿನ ಪಕ್ಕ ಕೂತು, ಸಾಲನ್ನು ಎಲ್ಲಿ ಮುರಿಯಬೇಕು, ಓದುಗನ ಕಣ್ಣಿಗೆ ಎಷ್ಟು ಹೊತ್ತು ಬಿಡಬೇಕು, ಯಾರು ಮಾತಾಡುತ್ತಿದ್ದಾರೆಂದು ಹೇಗೆ ತೋರಿಸಬೇಕು ಎಂದು ಹೇಳಿಕೊಟ್ಟೆ. ನಾನು ಒಂದನ್ನೇ ಐದು ಸಲ ಕೇಳಿದರೂ ಮುಖ ಸಿಂಡರಿಸಲಿಲ್ಲ. ಮೌಸ್ ಮುಟ್ಟದೆ, ಬರೀ ಕೀಬೋರ್ಡಿನ ಕೀಲಿಗಳಲ್ಲೇ ಆಸ್ಪತ್ರೆಯ ವೆಬ್‌ಸೈಟೆಲ್ಲ ಓಡಾಡಿ, "ಕಣ್ಣು ಕಾಣದವರು ಇಲ್ಲಿ ಒಳಗೇ ಬರೋಕಾಗಲ್ಲ ಮಾವ" ಎಂದು ಬರೆದು ತೋರಿಸಿದೆ. ನನ್ನನ್ನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಹತ್ತಿರ ಕರೆದುಕೊಂಡು ಹೋದೆ. ಅವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಡಾಕ್ಟರ ಭೇಟಿಯ ಸಮಯ ಗೊತ್ತುಮಾಡುವ ಪುಟವನ್ನು ಅವನ ಫೋನು ಅವನಿಗೆ ಗಟ್ಟಿಯಾಗಿ ಓದಿಹೇಳಿದ್ದು ಹೇಗೆ ನೆನಪಿದೆಯಾ? "ಬಟನ್. ಬಟನ್. ಬಟನ್." ಯಾವುದು ಯಾತಕ್ಕೆಂದು ಹೆಸರೇ ಇಲ್ಲ. "ಅಂಗಡಿ ತುಂಬಾ ಬರೀ ಬಟನ್ನೇ ಇದೆಯಲ್ಲ ತಾಯಿ, ಅಂಗಿ ಎಲ್ಲಿ?" ಎಂದನಂತೆ. ನೀನು ಅದನ್ನು ಬರೆದು ತೋರಿಸಿದಾಗ ನಾನು ನಕ್ಕಿದ್ದು ಅವನಿಗೆ ಕೇಳಿಸಿತು, ಅವನು ಕೈ ಚಾಚಿದ. ಈಗ ಪ್ರತಿ ಬಟನ್ನಿಗೂ ಹೆಸರಿದೆ. ಹೋದ ವಾರ ತನ್ನ ತಾಯಿಗೆ ಕಣ್ಣಿನ ಡಾಕ್ಟರ ಸಮಯವನ್ನು ಅವನೇ, ಯಾರ ಸಹಾಯವೂ ಇಲ್ಲದೆ ಗೊತ್ತುಮಾಡಿದ. ಫೋನಿಗೆ ಹೇಳಿ ಬರೆಸಿ ನನಗೆ ತೋರಿಸಿದ: "ನಿಮ್ಮ ಸೊಸೆಗೆ ಹೇಳಿ, ಅಂಗಿ ಸಿಕ್ತು, ಅಳತೆ ಸರಿಯಾಗಿದೆ."

ಮೊನ್ನೆ ಶುಕ್ರವಾರ ರಕ್ತ ಪರೀಕ್ಷೆಗೆ ಹೋಗಿದ್ದೆ. ಸಕ್ಕರೆ ಹತೋಟಿಯಲ್ಲಿದೆ, ಚಿಂತೆ ಬೇಡ. ಕಾಯುವ ಕೋಣೆಯ ಟಿವಿಯಲ್ಲಿ ನಮ್ಮ ವಿಡಿಯೋ ಓಡುತ್ತಿತ್ತು. ಗಲಾಟೆಯಾಗುತ್ತದೆಂದು ಅಲ್ಲಿ ಶಬ್ದ ಇಡುವುದೇ ಇಲ್ಲ. ಹಾಗಾಗಿ ಕಿವಿಯಿದ್ದವರೂ ನನ್ನ ಹಾಗೆ ಓದುತ್ತಾ ಕೂತಿದ್ದರು. ಪಾದದ ಆರೈಕೆಯ ವಿಡಿಯೋದಲ್ಲಿ ಡಾಕ್ಟರು, "ಹೆಂಡತಿ ಮುಖ ನೋಡದಿದ್ರೂ ಪರವಾಗಿಲ್ಲ, ದಿನಾ ನಿಮ್ಮ ಪಾದ ನೋಡ್ಕೊಳ್ಳಿ" ಎನ್ನುತ್ತಾರಲ್ಲ, ಆ ಸಾಲು ಬಂತು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಸೊಸೆಯೇ, ನನ್ನ ಕಿವಿ ಹೋದ ಮೇಲೆ ಎಲ್ಲರ ಜೊತೆ, ಅದೇ ಗಳಿಗೆಗೆ ನಕ್ಕದ್ದು ಅದೇ ಮೊದಲು. ಯಾವಾಗಲೂ ಬೇರೆಯವರ ಹಲ್ಲು ಕಂಡ ಮೇಲೆ ನಾನು ನಗುತ್ತಿದ್ದೆ, ಯಾಕೆಂದು ತಿಳಿಯದೆಯೇ. ಕನ್ನಡಕ ತೆಗೆದು ಒರೆಸಿಕೊಂಡೆ. ಪಕ್ಕದಲ್ಲಿದ್ದವರು ನಗು ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು ಅಂದುಕೊಂಡಿರಬೇಕು.

ನೀನು ಈ ಮನೆಗೆ ಬಂದ ಎರಡನೇ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ನನ್ನ ತಟ್ಟೆಯ ಪಕ್ಕ ಪುಸ್ತಕ ಇಟ್ಟು, ಎಡಗೈಯಲ್ಲಿ ಅವರಿವರ ಮಾತು ಗೀಚಿ ತೋರಿಸಿದ್ದೆ. ನಿನ್ನ ಸಾರು ಆರಿಹೋಗಿತ್ತು. ಅವತ್ತು ನಾನು ಏನೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ: ಹೆಣ್ಣು ಮಕ್ಕಳಿಲ್ಲವೆಂಬ ಕೊರಗು ಅವತ್ತೇ ಹೋಯಿತು.

ನಿನ್ನ ಕಣ್ಣು ತಂಪಾಗಿರಲಿ, ಬೆರಳುಗಳಿಗೆ ನೋವು ಬಾರದಿರಲಿ, ನೀನು ಕೈಯಿಟ್ಟ ಬಾಗಿಲುಗಳೆಲ್ಲ ತೆರೆಯಲಿ. ನಿನ್ನ ಗಂಡನಿಗೆ ನನ್ನ ಪ್ರೀತಿ. ವೇಳೆಗೆ ಸರಿಯಾಗಿ ಊಟ ಮಾಡಿ, ಇಬ್ಬರೂ.

ಇಂತಿ,
ನಿನ್ನ ಮಾವ

ತಾ.ಕ.: ಲಕೋಟೆಯೊಳಗೆ ಪೆನ್‌ಡ್ರೈವ್ ಇದೆ. ಅದರಲ್ಲಿರುವುದು ಒಂದೇ ವಿಡಿಯೋ, ನಲವತ್ತೆಂಟು ಸೆಕೆಂಡಿನದು. ನೀನು ನೋಡದ ನಿನ್ನ ಅತ್ತೆ ಹೋಗುವುದಕ್ಕೆ ಎರಡು ದಿನ ಮುಂಚೆ ನಿನ್ನ ಗಂಡ ವಾರ್ಡಿನಲ್ಲಿ ತೆಗೆದದ್ದು. ನಾನು ಅವನ ಹಿಂದೆಯೇ ನಿಂತಿದ್ದೆ. ಅವಳು ನನ್ನನ್ನೇ ನೋಡಿಕೊಂಡು ಮಾತಾಡುತ್ತಾಳೆ. ಬಾಯಿಗೆ ಆಮ್ಲಜನಕದ ಮಾಸ್ಕ್ ಇದೆ, ತುಟಿ ಕಾಣುವುದಿಲ್ಲ. ಏನೆಂದಳು ಎಂದು ನಿನ್ನ ಗಂಡನನ್ನು ಕೇಳಿದೆ. "ಏನಿಲ್ಲ ಅಪ್ಪ, ಹುಷಾರಾಗಿರಿ ಅಂದ್ರು" ಎಂದು ಬರೆದುಕೊಟ್ಟ. ಅವನ ತಪ್ಪಲ್ಲ, ಅವನೂ ಅಳುತ್ತಿದ್ದ. ಆದರೆ ಅಷ್ಟು ಹೇಳಲು ನಲವತ್ತೆಂಟು ಸೆಕೆಂಡು ಬೇಡ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಅಕ್ಕನನ್ನು ಕೇಳಿದರೆ ನನ್ನ ಮುಖ ನೋಡಿ ಮಾತು ಬದಲಾಯಿಸುತ್ತಾಳೆ. ಹೋದ ತಿಂಗಳು ಯಂತ್ರಕ್ಕೇ ಕೊಟ್ಟು ನೋಡಿದೆ. ಅದು ನಲವತ್ತೆಂಟು ಸೆಕೆಂಡಿಗೂ ಸೇರಿಸಿ, ಮಾತು ತಿಳಿಯದ ಸದ್ದಿಗೆಲ್ಲ ತಾನು ಹಾಕುವ ಒಂದೇ ಪದ ಬರೆಯಿತು: "ಸಂಗೀತ."

ನೀನು ಬರೆದುಕೊಡು. ಬೈದಿದ್ದರೆ ಬೈಗುಳವನ್ನೇ ಬರೆ. ಕೆಮ್ಮಿದ ಕಡೆ ಕೆಮ್ಮಿದಳು ಅನ್ನು, ಸುಮ್ಮನಿದ್ದ ಕಡೆ ಸುಮ್ಮನಿದ್ದಳು ಅನ್ನು. ನನಗೆ ನೋವಾಗುತ್ತದೆಂದು ಒಂದಕ್ಷರವನ್ನೂ ಬಿಡಬೇಡ. ಅವಳ ದನಿ ನನಗೆ ಚೆನ್ನಾಗಿ ನೆನಪಿದೆ. ಮಾತು ಮಾತ್ರ ಬೇಕು.