ಮೀಸೆ ಬಡಗಿಯ ಕೊನೆಯ ಕ್ಷೌರ

ಮಾರ್ಚ್ ಹತ್ತು, ಮಂಗಳವಾರ

ಪ್ರೀತಿಯ ತಂಗಿಗೆ ನಿನ್ನ ಅಣ್ಣನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತಾಗಲೆಲ್ಲ ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ ಇಷ್ಟು ತಡ. ಬೈದುಕೊಂಡಿರುತ್ತೀಯ, ಬೈದುಕೋ. ಕಾಲಿನ ಪ್ಲಾಸ್ಟರು ಬಿಚ್ಚಿದರೇ? ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತುವ ವಯಸ್ಸೇ ನಿನ್ನದು? ನಿನ್ನ ಅತ್ತಿಗೆಗಂತೂ ನಿನ್ನ ಕಾಲಿಗಿಂತ ನನ್ನ ತಲೆಯದೇ ಚಿಂತೆ. "ಕ್ಷೌರದಂಗಡಿ ಇಟ್ಕೊಂಡು ತಲೇನ ಪೊದೆ ಮಾಡ್ಕೊಂಡಿದ್ದೀರಲ್ಲ, ಗಿರಾಕಿಗಳು ಹೆದರಿ ಓಡಿಹೋಗ್ತಾರೆ" ಎಂದು ಬೆಳಿಗ್ಗೆ ಎದ್ದರೆ ಅದೇ ರಾಗ. ಅದು ಹಾಗಿರಲಿ.

ಮೀಸೆ ಬಡಗಿ ಹೋದನೆಂದು ಫೋನಿನಲ್ಲಿ ಹೇಳಿದ್ದೆ. ಮಣ್ಣು ಮಾಡಿದ ದಿನ ಏನಾಯಿತೆಂದು ಹೇಳಿರಲಿಲ್ಲ. ನೀನು ನಕ್ಕು ಮಂಚದಿಂದ ಬಿದ್ದು ಇನ್ನೊಂದು ಕಾಲನ್ನೂ ಮುರಿದುಕೊಂಡೀಯ ಎಂಬ ಭಯ.

ಅವನ ಮೀಸೆ ನಿನಗೆ ಗೊತ್ತಲ್ಲ. ಮೊದಲು ಮೀಸೆ ಬಾಗಿಲು ದಾಟುತ್ತಿತ್ತು, ಆಮೇಲೆ ಅವನು. ನಿನ್ನ ಹೊಲಿಗೆ ಮೆಷಿನ್ನಿಗೆ ಮೇಜು ಮಾಡಿಕೊಟ್ಟಾಗ ಅದರ ಮೇಲೆ ಉದುರಿದ್ದು ಮರದ ಪುಡಿಯೋ ಮೀಸೆಯ ಪುಡಿಯೋ ಎಂದು ನೀನೇ ರೇಗಿಸಿದ್ದೆ. ಆ ಮೀಸೆಯನ್ನು ಇಷ್ಟು ವರ್ಷ ಒಪ್ಪ ಮಾಡುತ್ತಿದ್ದವನು ನಾನು. ನನಗೊಂದು ಕೆಟ್ಟ ಚಾಳಿ: ಎಡಕ್ಕಿಂತ ಬಲ ಒಂದೆಳೆ ಉದ್ದ ಕಂಡರೂ ಕೈ ಸುಮ್ಮನಿರುವುದಿಲ್ಲ. ಬಲ ಕತ್ತರಿಸುತ್ತೇನೆ, ಆಗ ಎಡ ಉದ್ದ ಕಾಣುತ್ತದೆ. ಅವನೇ ಕಣ್ಣು ಮುಚ್ಚಿಕೊಂಡು, "ಸಾಕು ನಿಲ್ಸೋ, ಬೋಳಿಸಿಬಿಟ್ಟೀಯ" ಅನ್ನುತ್ತಿದ್ದ. ಆಗ ನಿಲ್ಲಿಸುತ್ತಿದ್ದೆ.

ಆ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಬಡಗಿಯ ಹೆಂಡತಿ ಬಾಗಿಲಲ್ಲಿ ನಿಂತು, "ಅಣ್ಣಾ, ಅವರನ್ನು ನೀವೇ ಚೆನ್ನಾಗಿ ಕಾಣೋ ಹಾಗೆ ಮಾಡಿ ಕಳಿಸಬೇಕು" ಎಂದು ಹೇಳಿ ಒಳಗೆ ಹೋದಳು. ಗಲ್ಲಕ್ಕೆ ನೊರೆ ಹಚ್ಚಿದೆ. "ನೀರು ತಣ್ಣಗಿದೆಯೇನೋ?" ಎಂದು ಕೇಳಿಯೂಬಿಟ್ಟೆ. ಮೀಸೆಗೆ ಬಂದೆ. ಬಲ ಸ್ವಲ್ಪ, ಎಡ ಸ್ವಲ್ಪ. ಮತ್ತೆ ಬಲ. ಮಲಗಿಸಿದ ಮುಖವಲ್ಲವೇ, ಅಂದಾಜು ಸಿಗಲಿಲ್ಲ. ಯಾರೂ ಸಾಕು ಅನ್ನಲಿಲ್ಲ. ನನಗೆ ಎಚ್ಚರವಾದಾಗ ಮೂಗಿನ ಕೆಳಗೆ ಎರಡು ನೊಣ ಕೂತ ಹಾಗೆ ಉಳಿದಿತ್ತು. ಅದನ್ನು ಹಾಗೇ ಬಿಡುವುದು ಇನ್ನೂ ದೊಡ್ಡ ಅವಮಾನ ಅನ್ನಿಸಿತು. ಪೂರ್ತಿ ತೆಗೆದೆ.

ಚರ್ಚಿನಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ನಾನು ಕಂಬದ ಹಿಂದೆ ನಿಂತೆ. ಅವನ ದೊಡ್ಡಮ್ಮ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಇವನು ಯಾರಪ್ಪಾ? ನಮ್ಮ ಹುಡುಗ ಎಲ್ಲಿ?" ಎಂದು ಜೋರಾಗಿ ಕೇಳಿದಳು. ಮರದ ಮಂಡಿಯವರು ಹೂವು ಇಟ್ಟು ಬಂದು ನನ್ನ ಕಿವಿಯಲ್ಲಿ, "ಇದು ಅವರ ತಮ್ಮನಾ? ಪಾಪ, ಇಬ್ಬರೂ ಒಟ್ಟಿಗೆ ಹೋದ್ರಾ?" ಅಂದರು. "ಇಲ್ಲ, ಒಬ್ಬನೇ" ಅಂದೆ.

ಅಷ್ಟರಲ್ಲಿ ಪಾದ್ರಿಗಳು ಶುರು ಮಾಡಿದರು. ಒಂದಾದರೂ ಗ್ರೀಕ್ ಪದ ಬಾರದೆ ಅವರ ಪ್ರಸಂಗ ಮುಗಿಯುವುದಿಲ್ಲ. ಅವತ್ತಿನದು 'ಪೆಂಥೆಯೋ'. ದುಃಖಪಡುವವರು ಧನ್ಯರು ಎಂದು ಯೇಸು ಹೇಳಿದ ಕಡೆ ಇರುವುದು ಆ ಪದವಂತೆ. "ಮನಸ್ಸಿನಲ್ಲೇ ಮಡಚಿಟ್ಟುಕೊಳ್ಳೋ ಬೇಸರ ಬೇರೆ," ಅಂದರು, "ಇದು ಸತ್ತವರಿಗಾಗಿ ಪಡೋ ದುಃಖ. ಮುಚ್ಚಿಟ್ಟರೂ ನಿಲ್ಲಲ್ಲ. ಮನುಷ್ಯನನ್ನೇ ಹಿಡ್ಕೊಂಡು ಹೊರಗೆ ಕಾಣಿಸ್ಕೊಳ್ಳುತ್ತೆ. ಸಮಾಧಾನದ ಮಾತು ಕೊಟ್ಟಿರೋದು ಇಂಥವರಿಗೆ." ಹೇಳುತ್ತ ಹೇಳುತ್ತ ಬಡಗಿಯ ಹೆಂಡತಿಯ ಕಡೆ ನೋಡಿದರು. ಅವಳು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಕೂತಿದ್ದಳು. ಒಂದು ಹನಿ ಕಣ್ಣೀರಿಲ್ಲ. ಬೆಳಿಗ್ಗೆಯಿಂದ ಪೆಟ್ಟಿಗೆಯ ಹತ್ತಿರವೇ ಹೋಗಿರಲಿಲ್ಲ.

ಏನನ್ನಿಸಿತೋ, ಎದ್ದಳು. ಹೋಗಿ ಬಗ್ಗಿ ನೋಡಿದಳು. ನಾನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡೆ. ಆಮೇಲೆ ತಂಗೀ, ನಕ್ಕಳು. ಮುಸುಮುಸು ಅಲ್ಲ, ಹೊಟ್ಟೆ ಹಿಡಿದುಕೊಂಡು. "ಮದುವೆ ದಿನ ಇದೇ ಮುಖ ಕಣ್ರೀ" ಅಂದಳು ಯಾರಿಗೋ, "ಆಮೇಲೆ ಇವತ್ತೇ ನಾನು ನೋಡ್ತಾ ಇರೋದು." ಆ ನಗು ಎಲ್ಲಿ ಅಳುವಾಯಿತೋ ಹೇಳಲಾರೆ. ಅವನ ಮೇಲ್ತುಟಿ ಸವರುತ್ತ ಅತ್ತಳು ನೋಡು, ಮರದ ಮಂಡಿಯವರೂ ಅತ್ತರು. ಪಾದ್ರಿಗಳು ಬರೆದುಕೊಂಡು ಬಂದಿದ್ದ ಉಳಿದ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತುಬಿಟ್ಟರು. ಅವರ ಪ್ರಸಂಗ ಅಷ್ಟು ಬೇಗ ಮುಗಿದದ್ದನ್ನು ಯಾರೂ ಕಂಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವಳ ಮುಂದೆ ಹೋಗಿ ನಿಂತೆ. "ತಪ್ಪಾಯ್ತಮ್ಮ" ಅಂದೆ.

"ಅವರು ಸಾಕು ಅನ್ನಲಿಲ್ಲ, ಅಲ್ವಾ ಅಣ್ಣ?"

"ಇಲ್ಲ."

"ಅವರು ಅನ್ನದಿದ್ರೆ ನೀವು ನಿಲ್ಸೋರೇ ಅಲ್ಲ, ನನಗೆ ಗೊತ್ತು" ಎಂದು ಮತ್ತೆ ನಕ್ಕು ಮೂಗು ಒರೆಸಿಕೊಂಡಳು. ಈಗ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳೆ, ಅಳು ಬಂದರೆ ಅಲ್ಲೇ ಅಳುತ್ತಾಳೆ. ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳಂತೆ.

ಭಾವನಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ನಿನ್ನ ಕಾಲು ಬೇಗ ನೆಲ ಮುಟ್ಟಲಿ, ಸ್ಟೂಲು ಮಾತ್ರ ಮುಟ್ಟದಿರಲಿ. ದೇವರು ನಿಮ್ಮೆಲ್ಲರನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಅಣ್ಣ

ಮರೆತಿದ್ದೆ: ನನ್ನ ತಲೆಯ ವಿಷಯ. ತನ್ನ ತಲೆಗೂದಲನ್ನು ತಾನೇ ಕತ್ತರಿಸಿಕೊಳ್ಳುವ ಕ್ಷೌರಿಕ ಇನ್ನೂ ಹುಟ್ಟಿಲ್ಲ. ನನ್ನದನ್ನು ಕತ್ತರಿಸುತ್ತಿದ್ದವನು ಬಡಗಿಯೇ. ರಜೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಕಿವಿಯ ಮೇಲೆ ಪೆನ್ಸಿಲ್ಲಿಟ್ಟುಕೊಂಡು, ಹಲಗೆಗೆ ಗುರುತು ಹಾಕುವವನಂತೆ ಒಂದು ಕಣ್ಣು ಮುಚ್ಚಿ ನೋಡಿ ಕತ್ತರಿಸುತ್ತಿದ್ದ. ತಲೆ ಪೆಟ್ಟಿಗೆಯ ಹಾಗೆ ಚೌಕವಾಗುತ್ತಿತ್ತು. "ಇದನ್ನ ಯಾರು ಮಾಡಿದ್ದು? ಅವರ ಹತ್ರ ನಾವು ಹೋಗಬಾರದು" ಎಂದು ಗಿರಾಕಿಗಳು ನಗುತ್ತಿದ್ದರು. ಮೊನ್ನೆ ನಿನ್ನ ಅತ್ತಿಗೆಯ ಕಾಟ ತಾಳಲಾರದೆ ಚೌಕದ ಆಚೆಯ ಇನ್ನೊಂದು ಕ್ಷೌರದಂಗಡಿಗೆ ಹೋದೆ. ಕೊರಳಿಗೆ ಬಟ್ಟೆ ಕಟ್ಟಿ, "ಹೇಗೆ ಬೇಕು?" ಎಂದು ಆ ಅಂಗಡಿಯವನು ಕೇಳಿದ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎದ್ದು ಆ ಬಟ್ಟೆಯ ಸಮೇತ ರಸ್ತೆ ದಾಟಿ ಬಂದುಬಿಟ್ಟೆ. ಎದುರಿಗೆ ಸಿಕ್ಕ ಪಾದ್ರಿಗಳು ನನ್ನ ತಲೆಯನ್ನೇ ಬಹಳ ಹೊತ್ತು ನೋಡಿ, ಭುಜ ತಟ್ಟಿ ಹೋದರು. ಗ್ರೀಕ್ ಏನೂ ಹೇಳಲಿಲ್ಲ.

ಕಾಲು ಸರಿಯಾದ ಮೇಲೆ ಬಾ. ಬರುವಾಗ ನಿನ್ನ ಬಟ್ಟೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಬಾ. ಸೊಟ್ಟಗಾದರೂ ಚಿಂತೆಯಿಲ್ಲ. ಸಾಕು ಎಂದು ನಾನು ಹೇಳುತ್ತೇನೆ.