ಹನ್ನೆರಡನೇ ಸೂಜಿ

ಅಕ್ಕಾ,

ಬೈತೀಯ ಅಂತ ಇಷ್ಟು ದಿನ ಬರೆದಿರಲಿಲ್ಲ. ಹೊಲಿಗೆ ಮಿಷನ್ ಮುಂದೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಕಾರ್ಖಾನೆ ಪಕ್ಕದ ಬೀದಿಯಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮ ಇದ್ದಾರೆ, ಅಲ್ಲಿಗೆ ಹೋದೆ. ನೋವು ಕತ್ತಿಗೆ, ಅವರು ಮೊದಲು ನೋಡಿದ್ದು ನಾಲಿಗೆ! ಆಮೇಲೆ ಮಲಗಿಸಿ ಕೂದಲೆಳೆಯಂಥ ಸೂಜಿ ಚುಚ್ಚುತ್ತಾ ಹೋದರು. ನಾನು ಗಟ್ಟಿಯಾಗಿ ಎಣಿಸಿದೆ, ಹನ್ನೆರಡು. ಸೊಳ್ಳೆ ಕಚ್ಚಿದಷ್ಟೂ ನೋಯಲಿಲ್ಲ, ನಿದ್ದೆಯೇ ಬಂದುಬಿಟ್ಟಿತು.

ಎಬ್ಬಿಸಿ, ಸೂಜಿ ತೆಗೆದು, ಹೊರಡು ಅಂತ ಸನ್ನೆ ಮಾಡಿದರು. ತಟ್ಟೆ ನೋಡಿದರೆ ಹನ್ನೊಂದೇ ಸೂಜಿ! ನಾನು ಜಪ್ಪಯ್ಯ ಅಂದರೂ ಹೊರಡಲಿಲ್ಲ. ಸೂಜಿ ಲೆಕ್ಕ ಸಿಗದೆ ಕೋಣೆ ದಾಟಬಾರದು ಅಂತ ಹೊಲಿಗೆ ಕಲಿಸುವಾಗ ನೆತ್ತಿಗೆ ಮೊಟಕಿ ಹೇಳಿದವಳು ನೀನೇ ತಾನೆ? ಇಬ್ಬರೂ ಹಾಸಿಗೆ ಕೊಡವಿದೆವು, ನೆಲ ತಡಕಿದೆವು. ಕೊನೆಗೆ ಸಿಕ್ಕಿದ್ದು ನನ್ನ ಕೂದಲೊಳಗೆ, ನೀನು ಮೊಟಕುತ್ತಿದ್ದ ಜಾಗದಲ್ಲೇ!

ನಾಲ್ಕು ಸಲ ಹೋಗಿಬಂದೆ, ಈಗ ಕತ್ತು ಸಲೀಸಾಗಿ ತಿರುಗುತ್ತೆ. ಅವರು ಕೊಟ್ಟ ಬೇರಿನ ಕಷಾಯ ಮಾತ್ರ ವಿಪರೀತ ಕಹಿ, ಮೂಗು ಹಿಡಿದು ಕುಡಿಯುತ್ತೇನೆ. ಅಮ್ಮನಿಗೆ ಸೂಜಿ ವಿಷಯ ಬೇಡ, ಎಣ್ಣೆ ತಿಕ್ಕಿಸಿಕೊಂಡಳಂತೆ ಅಂತಷ್ಟೇ ಹೇಳು.

ಡಾಕ್ಟರಮ್ಮ ಈಗ ಸೂಜಿ ತೆಗೆಯುವಾಗ ನನ್ನ ಹಾಗೇ "ಒಂದು, ಎರಡು" ಅಂತ ಎಣಿಸುತ್ತಾರೆ. ಈ ಊರಲ್ಲಿ ನನ್ನ ಜೊತೆ ಕನ್ನಡ ಆಡುವವರು ಅವರೊಬ್ಬರೇ, ಅದೂ ಹನ್ನೆರಡರ ತನಕ.

ಕಾರ್ಡು ತುಂಬಿತು.
ನಿನ್ನ ತಂಗಿ