ಮಂಜಿನಲ್ಲಿ ಹನ್ನೆರಡು

ವೆನ್‌ಬಿನ್ ಅಣ್ಣ,

ಇವತ್ತು ಮಿಂಗ್ ದೊರೆಗಳ ಗೋರಿಗಳನ್ನು ತೋರಿಸಿ ಮುಗಿಸಿ, ಮತ್ತೆ ಮಹಾಗೋಡೆಯ ಆ ಪಾಳು ಭಾಗಕ್ಕೆ ಪ್ರವಾಸಿಗರ ತಂಡ ಹತ್ತಿಸಿದ್ದೆ. ಅದೇ ಅಗ್ಗದ ಪ್ರವಾಸ, ಬೆನ್ನಿಗೊಂದು ಚೀಲ, ಊಟಕ್ಕೆ ಆರಿದ ಬನ್ನು. ಸಾಲಿನ ಕೊನೆಯಲ್ಲಿ ನಡೆಯಲು ನಿನ್ನ ಜಾಗಕ್ಕೆ ನಾನಿನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ನಾನೂ ಸೇರಿ ಹನ್ನೊಂದೇ ಜನ.

ಮೂರನೆಯ ಕಾವಲು ಗೋಪುರದ ಹತ್ತಿರ ಮಂಜು ಕವಿಯಿತು. ಎಂದಿನಂತೆ ಸಾಲಾಗಿ ಸಂಖ್ಯೆ ಕೂಗಿಸಿದೆ. ಮುಂದಿದ್ದ ನಾನು "ಒಂದು" ಅಂದೆ. ಕೊನೆಯಲ್ಲಿದ್ದ ಜ್ವಾಂಗ್ ಮೇಷ್ಟ್ರು "ಹನ್ನೊಂದು" ಅಂದರು. ಅವರ ಹಿಂದಿನಿಂದ, ನಿಧಾನವಾಗಿ, "ಹನ್ನೆರಡು" ಅಂತ ಕೇಳಿಸಿತು.

"ಮೇಷ್ಟ್ರೇ, ನಿಮ್ ಮೂಟೇನೂ ಎಣಿಸ್ಬಿಟ್ರಾ?" ಎಂದು ಹುಡುಗಿಯೊಬ್ಬಳು ನಕ್ಕಳು.

"ನಾನಲ್ಲಮ್ಮ. ಹಿಂದೆ ಯಾರೋ ಕೆಮ್ಮಿ, ಆಮೇಲೆ ಕೂಗಿದ್ರು."

ಕೂಗುವ ಮುಂಚೆ ನೀನು ಕೆಮ್ಮುತ್ತಿದ್ದೆ ಎಂದು ಅವರಿಗೆ ಯಾರು ಹೇಳಿದರು?

ಮೂರು ವರ್ಷದ ಹಿಂದೆಯೂ ಇಂಥದೇ ಮಂಜು. ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು. ಕೆಳಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಎಣಿಕೆ ಹನ್ನೊಂದಕ್ಕೆ ನಿಂತಿತು. ಕೊನೆಯಲ್ಲಿದ್ದ ನೀನು ಮುನಿಸಿಗೆ ಬಾಯಿ ಬಿಡುತ್ತಿಲ್ಲ ಅಂದುಕೊಂಡು, "ಹನ್ನೆರಡು" ಅಂತ ನಾನೇ ಕೂಗಿ ತಂಡವನ್ನು ಇಳಿಸಿಬಿಟ್ಟೆ. ಮರುದಿನ ಕಣಿವೆಯಲ್ಲಿ ನಿನ್ನ ಟೋಪಿಯೊಂದೇ ಸಿಕ್ಕಿತು.

ಇವತ್ತು ಮಂಜು ಸರಿದಾಗ ಮೇಷ್ಟ್ರ ಹಿಂದೆ ಯಾರೂ ಇರಲಿಲ್ಲ. ಇಳಿಯುವ ಮುನ್ನ ಇನ್ನೊಮ್ಮೆ ಎಣಿಸಿದೆವು. ಹನ್ನೊಂದಾಯಿತು. ಕೆಳಗೆ ಹಾರ್ನ್ ಮೂರು ಸಲ ಕೂಗಿತು. ಎಲ್ಲರೂ ನನ್ನ ಮುಖ ನೋಡುತ್ತ ನಿಂತರು.

ನಾನು ಕಾಯುತ್ತಿದ್ದೆ, ಅಣ್ಣ. ಈ ಸಲ ನಿನ್ನ ಸಂಖ್ಯೆಯನ್ನು ನಾನು ಕೂಗಲಿಲ್ಲ.

ಸುಯೂನ್